ಬಜೆಟ್ ಭಾಷಣದ ದಿನ ನಾನು ಷೇರು ಕೊಳ್ಳುವ ರೀತಿ: ನನ್ನ ಅನುಭವ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಆಮೇಲೆ ಫೋನಿನಲ್ಲಿ ನಿಫ್ಟಿ, ಸೆನ್ಸೆಕ್ಸ್ ಅನ್ನೋ ಷೇರು ಸೂಚ್ಯಂಕಗಳು. ಭಾಷಣ ನಂಬಿ ಷೇರಿಗೆ ಕೈ ಹಾಕಿದರೆ ಮನೆ ಹಾಳು ಎಂದು ಜೊತೆಯವರೆಲ್ಲ ಹೇಳಿದ್ದರು. ಈಗ ಅವರೇ ಬಂದು ಕೇಳುತ್ತಾರೆ.

ಕಲಿಯೋಕೆ ಕಳೆದದ್ದು ಹತ್ತಿರ ಹತ್ತಿರ ಒಂದೂಮುಕ್ಕಾಲು ಲಕ್ಷ. 2020ರ ಫೆಬ್ರವರಿ 1, ಬಜೆಟ್ ದಿನ ಕಾಲ್ ಆಪ್ಷನ್ ತಗೊಂಡೆ, ಅಂದರೆ ಮಾರ್ಕೆಟ್ ಏರಿದರೆ ಲಾಭ ಕೊಡುವ ಕರಾರು. ಸೆನ್ಸೆಕ್ಸ್ ಹತ್ತಿರ ಹತ್ತಿರ ಸಾವಿರ ಅಂಕ ಬಿತ್ತು, 40 ಸಾವಿರ ಹೋಯಿತು. ಮುಂದಿನ ವರ್ಷದ ಬಜೆಟ್‌ಗೆ ಹೆದರಿ ಪುಟ್ ತಗೊಂಡೆ, ಅದು ಮಾರ್ಕೆಟ್ ಬಿದ್ದರೆ ಲಾಭ ಕೊಡುವ ಆಪ್ಷನ್. ಅವತ್ತು 2,300 ಏರಿತು! ಇನ್ನೊಂದು 35 ಸಾವಿರ. 2024ರಲ್ಲಿ ಲೋಕಸಭೆ ಚುನಾವಣೆ ಫಲಿತಾಂಶದ ದಿನ ಮಾರ್ಕೆಟ್ ಹಾರುತ್ತದೆ ಎಂಬ ಮಾತು ನಂಬಿ ಜೂನ್ 3ಕ್ಕೆ ಮತ್ತೆ ಕಾಲ್. ಮರುದಿನ ನಿಫ್ಟಿ 6% ಹತ್ತಿರ ಕುಸಿಯಿತು. ಗೂಡು ತರೋಕೆ ಇಟ್ಟಿದ್ದ ಲಕ್ಷ ರೂಪಾಯಿ ಅದು. ಎರಡು ದಿನ ಗೂಡು ಹಾಕಿ ನೂಲು ಬಿಚ್ಚುವ ಬೇಸಿನ್‌ಗಳಲ್ಲಿ ನೀರು ಕಾಯಿಸಲಿಲ್ಲ. ಬಿಚ್ಚುವ ಹೆಂಗಸರನ್ನು ವಾಪಸ್ ಕಳಿಸಬೇಕಾಯಿತು. ಆ ಮುಖಗಳು ಇನ್ನೂ ಕಣ್ಣ ಮುಂದಿವೆ.

ಅಲ್ಲಿಗೆ ಆಪ್ಷನ್ ಬಿಟ್ಟೆ. ಹಳೆಯ ಚಾರ್ಟು ತೆಗೆದು ಕೂತೆ. ನೋಟು ರದ್ದಾದ ಮರುದಿನ, 2016ರ ನವೆಂಬರ್ 9ಕ್ಕೆ, ಸೆನ್ಸೆಕ್ಸ್ ಶುರುವಿನಲ್ಲೇ 1,600ರಷ್ಟು ಬಿದ್ದಿತ್ತು. ಸಂಜೆಗೆ 340ರ ಆಸುಪಾಸು ಮಾತ್ರ ಕೆಳಗೆ. ನಮ್ಮ ಗೂಡಿನ ಹರಾಜಿನಲ್ಲೂ ಹಾಗೇ ಅಲ್ವಾ? ಮೊದಲ ಸುತ್ತಿನ ರೇಟು ಕಡೆಯ ರೇಟಲ್ಲ.

2024ರ ಜುಲೈ 23, ಬಜೆಟ್ ದಿನ. ಷೇರನ್ನು ವರ್ಷದೊಳಗೆ ಮಾರಿ ಬಂದ ಲಾಭದ ತೆರಿಗೆ 15ರಿಂದ 20% ಎಂದು ಭಾಷಣದಲ್ಲಿ ಹೇಳಿದ ಕೂಡಲೇ ಸೆನ್ಸೆಕ್ಸ್ 1,200 ಇಳಿಯಿತು. ಭಾಷಣ ಮುಗಿಯುವವರೆಗೂ ಫೋನು ಮುಟ್ಟಲಿಲ್ಲ. ಆಮೇಲೆ ನಿಫ್ಟಿ ಬೀಸ್ (ನಿಫ್ಟಿಯ ಜೊತೆಗೇ ಏರಿಳಿಯುವ, ಷೇರಿನಂತೆ ಕೊಳ್ಳುವ ಫಂಡ್) ಮೂರು ಭಾಗ ಮಾಡಿ ಕೊಂಡೆ. ದಿನ ಮುಗಿದಾಗ ಸೆನ್ಸೆಕ್ಸ್ ಇಳಿದದ್ದು 70 ಚಿಲ್ಲರೆ. ಎರಡು ಲಕ್ಷ ಹಾಕಿದ್ದೆ, ಶುಕ್ರವಾರ ಮಾರಿದೆ, ನಾಲ್ಕೂವರೆ ಸಾವಿರ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸುಂಕ ಸಾರಿದ ಮೇಲೆ 7ನೇ ತಾರೀಖು ಮಾರ್ಕೆಟ್ ಕುಸಿದಾಗಲೂ ಇದೇ ದಾರಿ. 15ನೇ ತಾರೀಖು ಮಾರಿದಾಗ ಸುಮಾರು 15 ಸಾವಿರ ಉಳಿಯಿತು. ಮೂರನೇ ಭಾಗ ಯಾವಾಗ ಕೊಳ್ಳುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ದುಡಿಮೆ.

ಮಧ್ಯೆ ನೂಲಿನಲ್ಲೂ ನೋಡಿದೆ. 2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 10ರಿಂದ 15% ಆಗಿತ್ತಲ್ಲ, ಅದೇ ಆಸೆಗೆ ಮುಂದಿನ ವರ್ಷ ಬಜೆಟ್‌ಗೆ ಮುಂಚೆ 20 ಕೆಜಿ ನೂಲು ಕಟ್ಟಿಟ್ಟೆ. ಅಸಲು ಬಂತು, ಬಡ್ಡಿ ಹೋಯಿತು. ನೂಲಿನ ರೇಟು ಗೂಡಿನ ಆವಕ ನೋಡಿ ಕುಣಿಯುತ್ತದೆ. ಈಗ ಬಜೆಟ್ ದಿನವೂ ನೂಲು ಎಂದಿನಂತೆ ಸಂಜೆಗೇ ಮಾರುತ್ತೇನೆ.