ಗೋ-ಟು ಮೌಂಟ್‌ಗೆ ಜಿಪಿಎಸ್: ಪುಣೆಯಲ್ಲಿ ನಾನು ಆರಿಸಿಕೊಂಡ ಬಗೆ

ಗೋ-ಟು ಮೌಂಟ್ ಅಂದರೆ ಟೆಲಿಸ್ಕೋಪನ್ನು ನಾವು ಹೇಳಿದ ನಕ್ಷತ್ರದತ್ತ ಮೋಟಾರಿನಿಂದ ತಾನೇ ತಿರುಗಿಸುವ ಸ್ಟ್ಯಾಂಡ್. ಆನ್ ಮಾಡಿದ ಕೂಡಲೇ ಅದು ಕೇಳುವುದು ಇಷ್ಟೇ: ಜಾಗ, ತಾರೀಕು, ಸಮಯ, ಟೈಮ್ ಝೋನ್, ಡೇಲೈಟ್ ಸೇವಿಂಗ್ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಇದೆಯೋ ಇಲ್ಲವೋ. ಜಿಪಿಎಸ್ ಮಾಡ್ಯೂಲ್ ಇದರಲ್ಲಿ ಮೊದಲ ಮೂರನ್ನು ತುಂಬಿಕೊಡುತ್ತದೆ. ಉತ್ತರ ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ, ಟ್ರೈಪಾಡ್ ಮಟ್ಟವಾಗಿದೆಯೇ ಎಂದೂ ಗೊತ್ತಿಲ್ಲ. ಅಲೈನ್‌ಮೆಂಟ್‌ಗೆ, ಅಂದರೆ ಮೌಂಟ್‌ಗೆ ಆಕಾಶದ ಗುರುತು ಹಿಡಿಸಲು, ಚಿತ್ರಾ, ಸ್ವಾತಿ ನಕ್ಷತ್ರಗಳನ್ನು ಐಪೀಸ್‌ನ (ಕಣ್ಣಿಡುವ ಮಸೂರದ) ನಡುವೆ ತರುವ ಕೆಲಸ ಹೇಗೂ ನಮ್ಮದೇ.

ಜಾಗದ ವಿಷಯದಲ್ಲಿ ಜಿಪಿಎಸ್‌ನ ಮೀಟರ್ ಲೆಕ್ಕದ ನಿಖರತೆ ನಮಗೆ ಬೇಡವೇ ಬೇಡ. ಅಕ್ಷಾಂಶದ ಒಂದು ಮಿನಿಟ್ (1′, ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ ನೆಲದ ಮೇಲೆ 1.85 ಕಿ.ಮೀ. ಪುಣೆಗೆ 18°31′ ಉತ್ತರ, 73°51′ ಪೂರ್ವ ಎಂದು ಒಮ್ಮೆ ಹಾಕಿಟ್ಟದ್ದನ್ನು ಹತ್ತಿರದ ಪಾನಶೇತ್‌ಗೆ ಹೋದಾಗ ನಾನು ಬದಲಿಸುವುದಿಲ್ಲ. ಮುಂಬೈಗೆ ಒಯ್ದರೆ ಬದಲಿಸುತ್ತೇನೆ. ಅಲ್ಲಿ ರೇಖಾಂಶ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ, ಅಂದರೆ ಆಕಾಶ ನಾಲ್ಕು ನಿಮಿಷ ಹಿಂದೆ. ಪಣಜಿಗಂತೂ ಬದಲಿಸಲೇಬೇಕು, ಅಕ್ಷಾಂಶವೇ ಮೂರು ಡಿಗ್ರಿ ಕಡಿಮೆ. ಒಂದು ಎಚ್ಚರ: ಫೋನ್ 18.52 ಎಂದು ತೋರಿಸಿದರೆ ಮೌಂಟ್‌ನ ಹ್ಯಾಂಡ್‌ಸೆಟ್‌ನಲ್ಲಿ (ಅದನ್ನು ನಡೆಸುವ ಕೀಲಿಗಳ ರಿಮೋಟ್) 18°52′ ಎಂದು ಒತ್ತಬಾರದು. 0.52 ಅನ್ನು 60ರಿಂದ ಗುಣಿಸಿದರೆ 31′.

ನಿಜವಾದ ತಕರಾರು ಸಮಯದ್ದು, ಅದರಲ್ಲೂ ನಮ್ಮ ಗಡಿಯಾರ ಯುಟಿಗಿಂತ (ಗ್ರೀನಿಚ್‌ನ ವಿಶ್ವ ಸಮಯಕ್ಕಿಂತ) ಮುಂದಿರುವ ಐದೂವರೆ ಗಂಟೆಯದ್ದು. ಆಕಾಶ ಗಂಟೆಗೆ 15° ತಿರುಗುತ್ತದೆ. ಕೆಲವು ಹ್ಯಾಂಡ್‌ಸೆಟ್‌ಗಳು ಝೋನ್ ಅನ್ನು ಇಡೀ ಗಂಟೆಯಲ್ಲಷ್ಟೇ ತೆಗೆದುಕೊಳ್ಳುತ್ತವೆ. ಅಲ್ಲಿ +5 ಹಾಕಿ ನಮ್ಮ ಗಡಿಯಾರದ ಹೊತ್ತು ಕೊಟ್ಟರೆ ಅರ್ಧ ಗಂಟೆಯ ತಪ್ಪು, ಆಕಾಶದಲ್ಲಿ 7.5°. 8×50 ಫೈಂಡರ್‌ಗೆ (ಗುರಿ ಹುಡುಕಲು ಟ್ಯೂಬ್ ಮೇಲೆ ಕೂರಿಸುವ ಚಿಕ್ಕ ದೂರದರ್ಶಕ) ಕಾಣುವುದು ಅಡ್ಡಳತೆಯಲ್ಲಿ ಐದಾರು ಡಿಗ್ರಿ. ಹಾಗಾಗಿ ಮೊದಲ ನಕ್ಷತ್ರ ಫೈಂಡರ್‌ಗೂ ಸಿಗುವುದಿಲ್ಲ, ಮೋಟಾರ್ ಕೆಟ್ಟಿದೆ ಎಂದುಕೊಂಡು ಗೇರ್ ಬಿಚ್ಚಲು ಕೂರುವವರಿದ್ದಾರೆ. ಇದಕ್ಕೆ ಉಪಾಯ ಸುಲಭ: ಝೋನ್ 0 ಇಟ್ಟು, ನಮ್ಮ ಸಮಯದಿಂದ 5:30 ಕಳೆದು ಯುಟಿ ಸಮಯ ಕೊಡುವುದು. ಸಂಜೆ 7:30ಕ್ಕೆ 14:00. ನಡುರಾತ್ರಿ ಕಳೆದ ಮೇಲೆ ತಾರೀಕೂ ಜಾರುತ್ತದೆ: 15ರ ಬೆಳಗಿನ ಜಾವ 2:00 ಎಂದರೆ 14ರ 20:30. ಅನೇಕ ಹ್ಯಾಂಡ್‌ಸೆಟ್‌ಗಳು ಕೇಳುವುದು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು. 12ರೊಳಗಿನ ತಾರೀಕನ್ನು ತಿರುವುಮುರುವಾಗಿ ಕೊಟ್ಟರೂ ಅವು ಚಕಾರ ಎತ್ತುವುದಿಲ್ಲ.

ತಪ್ಪು ಯಾವುದು ಎಂದು ನಕ್ಷತ್ರವೇ ಹೇಳುತ್ತದೆ. ಟ್ಯೂಬ್ ನೋಡುತ್ತಿರುವ ಜಾಗಕ್ಕಿಂತ ನಕ್ಷತ್ರ 7.5° ಪೂರ್ವಕ್ಕಿದ್ದರೆ ಝೋನ್ +5 ಆಗಿದೆ. 15° ಪಶ್ಚಿಮಕ್ಕಿದ್ದರೆ ಡೇಲೈಟ್ ಸೇವಿಂಗ್ ಆನ್ ಆಗಿ ಕೂತಿದೆ. ಟ್ಯೂಬ್ ನೆಲ ನೋಡಿದರೆ ಎಎಂ-ಪಿಎಂ ಅದಲುಬದಲಾಗಿದೆ. ಎರಡು ನಕ್ಷತ್ರ ಹಿಡಿದು ಅಲೈನ್ ಮಾಡಿಬಿಟ್ಟರೆ ಈ ತಪ್ಪುಗಳು ಬಹುಪಾಲು ಅದರೊಳಗೇ ಮುಚ್ಚಿಹೋಗುತ್ತವೆ. ಆದರೆ ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಅರ್ಧ ಡಿಗ್ರಿ ಸರಿಯುತ್ತಾನೆ, ಅವನ ಬಳಿ ಮುಚ್ಚಿಕೊಳ್ಳುವುದಿಲ್ಲ.

ಹಾಗಾದರೆ ಏನು ಕೊಳ್ಳುವುದು? ಹ್ಯಾಂಡ್‌ಸೆಟ್ ಕೈಯಲ್ಲಿ ಹಿಡಿದು ಐಪೀಸ್‌ಗೆ ಕಣ್ಣಿಟ್ಟು ನೋಡುವವರಿಗೆ ನನ್ನ ಉತ್ತರ: ಏನೂ ಬೇಡ. ಮೌಂಟ್‌ಗೆ ವೈಫೈ ಇದ್ದರೆ ಫೋನ್ ಆ್ಯಪ್ ಜಾಗ, ಸಮಯ ಎರಡನ್ನೂ ದಾಟಿಸುತ್ತದೆ. ಸಿಗ್ನಲ್ ಇಲ್ಲದ ಗುಡ್ಡದಲ್ಲೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ. ಕಂಪನಿಯ ಮಾಡ್ಯೂಲೇ ಬೇಕೆಂದರೆ ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿದೆಯೇ, ಯಾವ ಪೋರ್ಟ್‌ಗೆ ಹೋಗುತ್ತದೆ ಎಂದು ಮೊದಲು ನೋಡಿ. ಪ್ಲಗ್ ಟೆಲಿಫೋನಿನದರಂತೆ, ಹಲವಕ್ಕೆ ಒಂದೇ ಆಕಾರವಿದ್ದರೂ ಒಳಗಿನ ತಂತಿ ಬೇರೆ. ಸೆಲೆಸ್ಟ್ರಾನ್ ಕಂಪನಿಯ ಮೌಂಟ್‌ಗಳ ಆಕ್ಸ್ ಪೋರ್ಟ್‌ನಲ್ಲಿ 12 ವೋಲ್ಟ್ ಹರಿಯುತ್ತಿರುತ್ತದೆ, ಬೇರೆ ಸಾಧನ ಚುಚ್ಚಿದರೆ ಸುಟ್ಟೀತು.

ಸೆಕೆಂಡ್‌ಹ್ಯಾಂಡ್ ಮಾಡ್ಯೂಲ್‌ಗೆ ನಾನು ಕೈ ಹಾಕುವುದಿಲ್ಲ. ಜಿಪಿಎಸ್ ತಾರೀಕನ್ನು ವಾರಗಳಲ್ಲಿ ಎಣಿಸುತ್ತದೆ, ಆ ಎಣಿಕೆ 1024ಕ್ಕೆ ತಿರುಗಿ ಸೊನ್ನೆಯಾಗುತ್ತದೆ. ಕಳೆದ ಬಾರಿ ಹಾಗಾದದ್ದು ಯುಟಿಯಂತೆ 2019ರ ಏಪ್ರಿಲ್ 6ರ ರಾತ್ರಿ. ಮಾಡ್ಯೂಲ್ ಒಳಗಿನ ಹಳೆಯ ಫರ್ಮ್‌ವೇರ್ (ತಂತ್ರಾಂಶ) ಅಂದಿನಿಂದ ಸುಮಾರು 19.6 ವರ್ಷ ಹಿಂದಿನ ತಾರೀಕು ಕೊಡಬಹುದು. ಉಪಗ್ರಹ ಸಿಕ್ಕಿ ಲಾಕ್ ಆಗಿದೆ ಎಂದು ತೋರಿಸುತ್ತದೆ, ಗುರು-ಶನಿ ಮಾತ್ರ ಎಲ್ಲೋ. ಕೊಳ್ಳುವ ಮುನ್ನ ಆನ್ ಮಾಡಿಸಿ ಇಸವಿ ಓದಿ.

ನಾನು ಕೊಂಡದ್ದು ವಿಕೆ-162, ಯು-ಬ್ಲಾಕ್ಸ್ ಚಿಪ್‌ನ ಯುಎಸ್‌ಬಿ ರಿಸೀವರ್. ಕಾರಣ ಒಂದೇ: ನನ್ನ ಮೌಂಟ್ ನಡೆಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರೊಳಗೆ ಬ್ಯಾಟರಿ ಗಡಿಯಾರವಿಲ್ಲ, ನೆಟ್ ಇಲ್ಲದ ಕಡೆ ಅದು ಹಳೆಯ ಸಮಯದಲ್ಲೇ ಏಳುತ್ತದೆ. ರಿಸೀವರ್ ಓದುವ ಜಿಪಿಎಸ್‌ಡಿ ತಂತ್ರಾಂಶ ಹಾಕಿ, ಗಡಿಯಾರ ಸರಿಪಡಿಸುವ ಕ್ರೋನಿ ತಂತ್ರಾಂಶಕ್ಕೆ ಜೋಡಿಸಿದರೆ ಪೈ ತಾನೇ ಯುಟಿಗೆ ಬರುತ್ತದೆ, ಐದೂವರೆಯ ಗೋಳೇ ಇಲ್ಲ. ಅದನ್ನು ಯುಎಸ್‌ಬಿ 2 ಪೋರ್ಟ್‌ಗೆ ಹಾಕುತ್ತೇನೆ. 3ರ ಪೋರ್ಟ್ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಮ್ಯಾಗ್ನೆಟ್ ತಳದ ರಿಸೀವರನ್ನು ತಂತಿಯುದ್ದಕ್ಕೆ ದೂರವಿಟ್ಟು, ಮುಖ ಮೇಲಕ್ಕೆ ಮಾಡುತ್ತೇನೆ.

ಸ್ಥಾನ ಹಿಡಿಯಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಮುಂಬೈಯ ಗ್ರಿಲ್ ಹಾಕಿದ ಬಾಲ್ಕನಿಯಲ್ಲಿ, ಎದುರು ಇಪ್ಪತ್ತು ಮಹಡಿ ನಿಂತಿದ್ದರೆ ಅದು ತಡಕಾಡುತ್ತಲೇ ಇರುತ್ತದೆ. ಮಳೆಗಾಲವಿಡೀ ಪೆಟ್ಟಿಗೆಯಲ್ಲಿದ್ದುದನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಮೊದಲ ಸಲ ತೆರೆದ ತಾರಸಿಯ ಮೇಲೆ ಕಾಲು ಗಂಟೆ ಬಿಡಿ. ಉಪಗ್ರಹಗಳ ಪೂರ್ತಿ ಸಂದೇಶ ಇಳಿಯಲು 12.5 ನಿಮಿಷ ಬೇಕು. ಟ್ರೈಪಾಡ್ ಬಿಡಿಸುವ ಮೊದಲೇ ಇದನ್ನು ಹೊರಗಿಟ್ಟರೆ ಆ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ.