ಮುಖ ಬಿಡಿ, ಹಿಂಬದಿ ನೋಡಿ: ಮಿಕ್ಸ್ ಡಬ್ಬಿಯಲ್ಲಿ ಹಳೇ ನಾಣ್ಯ ಹುಡುಕುವುದು

ಹಳೇ ನಾಣ್ಯ ಮಾರುವವರ ಮೇಜಿನ ಮೂಲೆಯಲ್ಲಿ ಒಂದು ಮಿಕ್ಸ್ ಡಬ್ಬಿ ಇದ್ದೇ ಇರುತ್ತದೆ. ಸವೆದದ್ದು, ಮಣ್ಣು ಮೆತ್ತಿದ್ದು, ಹೆಸರು ಗೊತ್ತಿಲ್ಲದ್ದು, ಎಲ್ಲಾ ಅದರಲ್ಲೇ. ನಾನು ಮೊದಲು ಕೈ ಹಾಕುವುದು ಅದಕ್ಕೇ. ಬಹಳ ಜನ ಎರಡು ನಿಮಿಷ ಕೆದಕಿ, ಏನೂ ಕಾಣ್ತಿಲ್ಲ ಅಂತ ಎದ್ದು ಹೋಗುತ್ತಾರೆ. ಅವರು ರಾಜನ ಮುಖ ಹುಡುಕುತ್ತಿರುತ್ತಾರೆ. ಸವೆದ ಮೇಲೆ ಎಲ್ಲಾ ರಾಜರ ತಲೆಯೂ ಒಂದೇ ಥರ ಅಲ್ವಾ? ಹಿಂಬದಿಯ ಚಿತ್ರ ಹಾಗಲ್ಲ. ಅರ್ಧ ಅಳಿಸಿ ಹೋಗಿದ್ದರೂ ಗುರುತು ಬಿಟ್ಟುಕೊಡುತ್ತದೆ.

ಕೈಯಲ್ಲಿ ಮೂರು ವಸ್ತು ಇರಲಿ: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಸಣ್ಣ ಟಾರ್ಚು, ಜೇಬಿನ ತಕ್ಕಡಿ. ಟಾರ್ಚನ್ನು ಮೇಲಿನಿಂದ ಬಿಡಬೇಡಿ. ನಾಣ್ಯದ ಪಕ್ಕದಿಂದ, ಅಂಚಿನ ಮಟ್ಟಕ್ಕೆ ಹಿಡಿದು ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ನುಣ್ಣಗೆ ಕಂಡ ಕಡೆ ನೆರಳು ಬಿದ್ದು ಗೆರೆಗಳು ಏಳುತ್ತವೆ.

ಓದುವ ಮೊದಲು ಆಕಾರದ ಮೇಲೆ ಬೇರೆ ಮಾಡಿಕೊಳ್ಳಿ. ಮಧ್ಯೆ ಚೌಕದ ತೂತಿದ್ದರೆ ಬಹುಮಟ್ಟಿಗೆ ಚೀನಾ ಕಡೆಯದು. ತೆಳ್ಳಗೆ ಅಗಲವಾದ ಬೆಳ್ಳಿ, ಹಿಂದೆ ಬೆಂಕಿಯ ವೇದಿಕೆ, ಎರಡೂ ಪಕ್ಕ ನಿಂತ ಜನ ಇದ್ದರೆ ಸಸಾನಿಯನ್, ಅಂದರೆ ಹಳೇ ಪರ್ಷಿಯಾದ್ದು. ತಾಮ್ರದ ನಾಣ್ಯದ ಅಂಚು ಗರಗಸದ ಹಲ್ಲಿನಂತಿದ್ದರೆ ಸೆಲ್ಯೂಸಿಡ್, ಅಂದರೆ ಅಲೆಕ್ಸಾಂಡರ್ ನಂತರ ಪಶ್ಚಿಮ ಏಷ್ಯಾ ಆಳಿದ ಗ್ರೀಕ್ ವಂಶದ್ದು ಇರಬಹುದು. ವಕ್ರವಾಗಿ ಕತ್ತರಿಸಿದ ಬೆಳ್ಳಿ ತುಂಡು, ಸುಮಾರು 3.4 ಗ್ರಾಂ, ಒಂದು ಬದಿ ಐದು ಮುದ್ರೆಗಳಿದ್ದರೆ ಮೌರ್ಯರ ಕಾಲದ ಪಂಚ್‌ಮಾರ್ಕ್ ನಾಣ್ಯ. ದಪ್ಪ ತಾಮ್ರದ ಮೇಲೆ ದೊಡ್ಡ ಇಂಗ್ಲಿಷ್ 'ಎಂ' ಥರದ ಅಕ್ಷರ ಕಂಡರೆ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ್ದು. ಗ್ರೀಕ್ ಲೆಕ್ಕದಲ್ಲಿ ಆ ಅಕ್ಷರ ಅಂದರೆ 40. ಅದು 40 ನುಮ್ಮಿ (ಆ ಕಾಲದ ಚಿಲ್ಲರೆ ಹಣ) ಬೆಲೆಯ ನಾಣ್ಯ.

ಡಬ್ಬಿಯಲ್ಲಿ ಜಾಸ್ತಿ ಸಿಗುವುದು 4ನೇ ಶತಮಾನದ ರೋಮನ್ ಕಂಚು. ಉಗುರಿನಷ್ಟೇ ಇರುತ್ತದೆ. ಇವುಗಳ ಹಿಂಬದಿ ನಾಲ್ಕೈದು ಬಾಯಿಪಾಠ ಮಾಡಿಕೊಂಡರೆ ಅರ್ಧ ಡಬ್ಬಿ ಗೆದ್ದಂತೆ. ಇಬ್ಬರು ಸೈನಿಕರು, ನಡುವೆ ಎರಡು ಧ್ವಜ ಇದ್ದರೆ ಕ್ರಿ.ಶ. 330ರಿಂದ ಸುಮಾರು 335. ಅದೇ ಸೈನಿಕರು, ಒಂದೇ ಧ್ವಜ ಇದ್ದರೆ ಅದರ ನಂತರದ್ದು, ಸ್ವಲ್ಪ ಹಗುರ ಕೂಡ. ಕುದುರೆಯಿಂದ ಬಿದ್ದವನನ್ನು ಸೈನಿಕ ಈಟಿಯಿಂದ ತಿವಿಯುತ್ತಿದ್ದರೆ 348ರಿಂದ ಈಚೆಗೆ. ಮುಂಬದಿಯ ರಾಜನ ತಲೆಯ ಮೇಲೆ ಮುಳ್ಳುಮುಳ್ಳಾದ ಸೂರ್ಯನ ಕಿರೀಟ ಕಂಡರೆ ಒಂದು ಶತಮಾನ ಹಿಂದಕ್ಕೆ ಹೋಗಿ.

ನನ್ನ ಮೊದಲ ತೋಳದ ನಾಣ್ಯ ಸಿಕ್ಕಿದ್ದು ಹೀಗೇ. ಇಡೀ ನಾಣ್ಯ ಕಂದು ಮಣ್ಣಿನ ಉಂಡೆ. ಮೇಲ್ಭಾಗದಲ್ಲಿ ಎರಡು ಚುಕ್ಕಿ ಮಾತ್ರ. ಟಾರ್ಚು ಅಡ್ಡ ಹಿಡಿದಾಗ ಚುಕ್ಕಿಗಳು ನಕ್ಷತ್ರವಾದವು. ಕೆಳಗೆ ಒಂದು ಬಾಗಿದ ಬೆನ್ನು. ರೋಮ್ ಕಟ್ಟಿದರೆಂಬ ಕಥೆಯ ಅವಳಿಗಳಾದ ರೋಮ್ಯುಲಸ್, ರೀಮಸ್‌ಗೆ ಹಾಲೂಡುವ ತೋಳ! ಇದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 330ರಲ್ಲಿ ಹೊಸ ರಾಜಧಾನಿ ಶುರು ಮಾಡಿದ ಕಾಲದ್ದು. ಕೆಳಗಿನ ಗೆರೆಯ ಅಡಿ ಇರುವ ಪುಟ್ಟ ಅಕ್ಷರಗಳನ್ನು ಮರೆಯಬೇಡಿ, ಅವು ನಾಣ್ಯ ಅಚ್ಚಾದ ಊರಿನ ಟಂಕಸಾಲೆಯ ಗುರುತು. 'ಟಿಆರ್' ಟ್ರಿಯರ್, 'ಎಸ್‌ಐಎಸ್' ಸಿಸ್ಕಿಯಾ, 'ಎಸ್‌ಎಂಎಎನ್' ಆಂಟಿಯೋಕ್. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರ 'ಓಸಿಆರ್‌ಇ' ಎಂಬ ರೋಮನ್ ನಾಣ್ಯಗಳ ಉಚಿತ ಆನ್‌ಲೈನ್ ಪಟ್ಟಿಯಲ್ಲಿ ಎರಡು ಮೂರು ಅಕ್ಷರ ಹಾಕಿದರೂ ಹುಡುಕಬಹುದು.

ನಕಲಿ ಬಗ್ಗೆ ಎಚ್ಚರ ಇರಲಿ, ಬೆಳ್ಳಿಯಲ್ಲಂತೂ ಇನ್ನೂ ಜಾಸ್ತಿ. ಅಂಚಿನ ಸುತ್ತ ಗೆರೆಯಂಥ ಜೋಡಣೆ, ಮೈಮೇಲೆ ಗುಳ್ಳೆಯ ತೂತು, ಸವೆದ ಸೋಪಿನಂತೆ ಅಂಚು ಮೊಂಡಾದ ಅಕ್ಷರ ಕಂಡರೆ ವಾಪಸ್ ಇಡಿ. ಹಸಿ ಮಣ್ಣಿನ ನಾಣ್ಯ ಕಂಡರೆ ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ಸರಿ ಬರದಿದ್ದರೆ ಮುಟ್ಟಬೇಡಿ. ನೆಲದಿಂದ ಕದ್ದು ತೆಗೆದ ನಾಣ್ಯದ ಜೊತೆಗೆ ಆ ಜಾಗದ ಇತಿಹಾಸವೂ ಹಾಳಾಗಿರುತ್ತದೆ.

ಪುಡಿಪುಡಿಯಾದ ತಿಳಿ ಹಸಿರು ಕಂಡರೆ ಅದು ಕಂಚಿನ ರೋಗ. ಒಳಗಿನ ಕ್ಲೋರೈಡ್ ತೇವ ಕುಡಿದು ಲೋಹವನ್ನು ತಿನ್ನುತ್ತಿರುತ್ತದೆ. ಅಂಥದ್ದನ್ನು ಬೇರೆ ನಾಣ್ಯಗಳ ಜೊತೆ ಇಡಬೇಡಿ. ಗಟ್ಟಿ ಹಸಿರು ಪದರ ಆದರೆ ತೊಂದರೆಯಿಲ್ಲ, ಅದೇ ನಾಣ್ಯದ ರಕ್ಷಣೆ. ಆಮ್ಲದಲ್ಲಿ ತೊಳೆಯಲೇಬೇಡಿ. ನಾನು ಒಮ್ಮೆ ತೊಳೆದು, ಅಕ್ಷರದ ಜೊತೆ ಆ ಪದರವನ್ನೂ ಕಳೆದುಕೊಂಡೆ. ಇವತ್ತಿಗೂ ಬೇಜಾರಿದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ವಾರಗಟ್ಟಲೆ ನೆನೆಸಿ, ನೀರು ಬದಲಿಸುತ್ತಾ ಇರಿ. ಆಮೇಲೆ ಮರದ ಕಡ್ಡಿಯಿಂದ ಮೆಲ್ಲಗೆ ಮಣ್ಣು ಬಿಡಿಸಿ.

ಗುರುತು ಸಿಗದ್ದನ್ನು ಸುಮ್ನೆ ಎತ್ತಿ ಎಸೆಯಬೇಡಿ. ತೂಕ, ಅಗಲ, ಕಂಡಷ್ಟು ವಿವರ ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ. ನನ್ನ ಹತ್ತಿರ 4 ಗ್ರಾಂನ ಒಂದು ತಾಮ್ರ ಎರಡು ವರ್ಷ ಹಾಗೇ ಇತ್ತು. ಚೀಟಿಯಲ್ಲಿ 'ಓಡುವ ಕಾಲುಗಳು, ಮೇಲೆ ಕಮಾನು' ಅಂತ ಬರೆದಿದ್ದೆ. ಒಂದು ದಿನ ಕುಷಾಣರ ನಾಣ್ಯಗಳ ಚಿತ್ರ ನೋಡುತ್ತಿದ್ದಾಗ ಅದೇ ಕಾಲುಗಳು ಕಂಡವು. ಕಮಾನು ಅಂದುಕೊಂಡದ್ದು ಗಾಳಿಗೆ ಉಬ್ಬಿದ ಬಟ್ಟೆ. ಓಡುತ್ತಿದ್ದವನು ಓಆಡೋ, ವಾಯುದೇವ. ನಾಣ್ಯ ತಿರುಗಿಸಿದೆ. ವೇದಿಕೆಯ ಮುಂದೆ ಉದ್ದ ಕೋಟು ತೊಟ್ಟು ಕನಿಷ್ಕ ನಿಂತಿದ್ದ.