ಫಿಂಚ್‌ಗಳಿಗೆ ಕಾಳಿನ ಜೊತೆ ಬೇರೆ ತಿನಿಸು ರೂಢಿಯಾಗಬೇಕಾದರೆ

ಕಾಳು ಬಿಟ್ಟರೆ ಬೇರೇನನ್ನೂ ಮೂಸಿಯೂ ನೋಡುವುದಿಲ್ಲ ಎಂಬುದು ಫಿಂಚ್ ಎಂಬ ಪುಟ್ಟ ಪಂಜರದ ಹಕ್ಕಿಯನ್ನು ಸಾಕುವ ಹೆಚ್ಚಿನವರ ದೂರು. ಹಕ್ಕಿಗೆ ಇದು ಹಟವಲ್ಲ. ಪಂಜರದಲ್ಲಿ ಹುಟ್ಟಿ, ಒಣ ನವಣೆ ಮಾತ್ರ ತಿಂದು ಬೆಳೆದ ಜೀಬ್ರಾ ಫಿಂಚಿಗೆ ನುಗ್ಗೆ ಸೊಪ್ಪು ತಿನ್ನುವ ವಸ್ತು ಎಂದೇ ಗೊತ್ತಿರುವುದಿಲ್ಲ. ಆದ್ದರಿಂದ ನಾನು ಕಾಳಿನಿಂದಲೇ ಶುರು ಮಾಡುತ್ತೇನೆ: ಒಣ ಕಾಳು, ನೆನೆದ ಕಾಳು, ಮೊಳಕೆ, ಹಸಿ ತೆನೆ, ಎಲೆ, ಕೊನೆಗೆ ಮೊಟ್ಟೆ. ಮೆಟ್ಟಿಲು ಹಾರಿಸಿದರೆ ಸೊಪ್ಪು ಬಾಡುತ್ತದೆ, ಹಕ್ಕಿ ಕಲಿಯುವುದಿಲ್ಲ.

ಒಣ ಕಾಳಿನಲ್ಲಿ ಎ ಜೀವಸತ್ವ, ಸುಣ್ಣದಂಶ ಎರಡೂ ಕಡಿಮೆ. ಅದರ ಕೊರತೆ ಮೊಟ್ಟೆ ಇಡುವಾಗ, ಗರಿ ಉದುರಿ ಹೊಸತು ಬರುವಾಗ ಎದ್ದು ಕಾಣುತ್ತದೆ.

ಮೊದಲು ತೂಕ. ಜೀಬ್ರಾ ಫಿಂಚ್ ಸುಮಾರು 12ರಿಂದ 15 ಗ್ರಾಂ ಇರುತ್ತದೆ. ಒಂದು ಗ್ರಾಂ ಇಳಿದರೂ ಅದಕ್ಕೆ ದೊಡ್ಡ ನಷ್ಟ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ, ಮುಚ್ಚಳಕ್ಕೆ ತೂತು ಕೊರೆದ ಹಗುರ ಡಬ್ಬಿಯಲ್ಲಿಟ್ಟು ತೂಗಿ ಬರೆದಿಡಿ. ಹತ್ತನೇ ಒಂದು ಪಾಲು ಕಡಿಮೆಯಾದರೆ ಹೊಸ ತಿನಿಸು ನಿಲ್ಲಿಸಿ ಹಳೆಯ ಕಾಳಿಗೆ ಮರಳಬೇಕು. ಈಗಷ್ಟೇ ತಂದ ಹಕ್ಕಿ, ಗರಿ ಉಬ್ಬಿಸಿ ಕೂತ ಹಕ್ಕಿ, ಮೊಟ್ಟೆಗೆ ಕೂತ ಹಕ್ಕಿ, ಇವುಗಳ ಮೇಲೆ ಪ್ರಯೋಗ ಬೇಡ. ಹಸಿದರೆ ತಾನಾಗಿ ತಿನ್ನುತ್ತದೆ ಎಂದು ಇಡೀ ದಿನ ಕಾಳು ತೆಗೆದಿಡುವ ಸಲಹೆಯನ್ನಂತೂ ಕೇಳಲೇಬೇಡಿ. ಇಷ್ಟು ಸಣ್ಣ ಹಕ್ಕಿ ಒಂದು ದಿನದ ಉಪವಾಸದಲ್ಲೇ ಸಾಯಬಹುದು. ಹಿಕ್ಕೆ ಚಿಕ್ಕದಾಗಿ, ಕಡು ಹಸಿರಾಗಿ ಬೀಳತೊಡಗಿದರೆ ಹಕ್ಕಿಯ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಎಂದರ್ಥ. ಕಾಳಿನ ಬಟ್ಟಲನ್ನು ದಿನಾ ಊದಿ ನೋಡಿ. ಫಿಂಚ್ ಕಾಳನ್ನು ಕೊಕ್ಕಿನಲ್ಲಿ ತಿರುಗಿಸಿ, ಸಿಪ್ಪೆ ಬಿಡಿಸಿ, ಅದನ್ನು ಅಲ್ಲೇ ಬೀಳಿಸುತ್ತದೆ. ಬಟ್ಟಲು ತುಂಬಿದಂತೆ ಕಂಡರೂ ಊದಿದಾಗ ಬರೀ ಹೊಟ್ಟು ಹಾರುವುದುಂಟು.

ಮೊಳಕೆಗೆ ಸಿಪ್ಪೆ ಇರುವ ನವಣೆಯೇ ಬೇಕು. ದಿನಸಿ ಅಂಗಡಿಯ ನವಣೆ ಅಕ್ಕಿ ಮೊಳೆಯುವುದಿಲ್ಲ. ಮಿಶ್ರ ಕಾಳಿನ ಪ್ಯಾಕೆಟನ್ನೂ ನೆನೆಸಬೇಡಿ. ಒಂದೊಂದು ಜಾತಿ ಒಂದೊಂದು ಹೊತ್ತಿಗೆ ಮೊಳೆಯುವುದರಿಂದ ಮೊದಲು ಮೊಳೆತದ್ದು ಕೊಳೆಯಲು ಹೊರಟಿರುತ್ತದೆ. ಕಾಳು ಹೊಸದೋ ಹಳತೋ ತಿಳಿಯಲು 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ಮೂರು ದಿನಗಳಲ್ಲಿ 15 ಆದರೂ ಮೊಳೆಯದಿದ್ದರೆ ಆ ಕಾಳು ಈ ಕೆಲಸಕ್ಕೆ ಆಗದು.

ನಾಲ್ಕು ಹಕ್ಕಿಗಳಿಗೆ ಎರಡು ಟೀ ಚಮಚ ಕಾಳು ಸಾಕು. ನೀರು ತಿಳಿಯಾಗುವವರೆಗೆ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಎಂಟು ಗಂಟೆ ನೆನೆಸಿ, ಚಹಾ ಸೋಸುವ ಜರಡಿಗೆ ಹಾಕಿಡುತ್ತೇನೆ. ಆರು ಗಂಟೆಗೊಮ್ಮೆ ತೊಳೆದು ನೀರು ಬಸಿಯಬೇಕು. ಬಿಳಿ ತುದಿ ಕಂಡಾಗಲೇ ಕೊಡುವ ಹೊತ್ತು. ಉದ್ದ ಬೇರು ಬಿಡುವವರೆಗೆ ಕಾಯಬಾರದು. ಕಾಸರಗೋಡಿನ ಸೆಕೆಗೆ ಒಂದು ದಿನದೊಳಗೆ ತುದಿ ಬರುತ್ತದೆ. ಮಳೆಗಾಲದಲ್ಲಿ ಇದೇ ಕೆಲಸ ಕಷ್ಟ. ಗಾಳಿಯಲ್ಲೇ ನೀರಿರುವಾಗ ಜರಡಿ ಆರುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಆಗ ಜರಡಿಯಲ್ಲಿ ಕಾಳನ್ನು ಒಂದೇ ಪದರವಾಗಿ ಹರಡಿ, ಫ್ಯಾನಿನ ಕೆಳಗಿಟ್ಟು, ಕೊಡುವ ಮೊದಲು ಹತ್ತಿ ಬಟ್ಟೆಯ ಮೇಲೆ ಆರಿಸಿ. ಮೂಗಿಗೆ ಹಿಡಿದಾಗ ಹಸಿ ಹುಲ್ಲಿನ ಪರಿಮಳ ಬರಬೇಕು. ಹುಳಿ ವಾಸನೆಯಿದ್ದರೆ, ಬೆರಳಿಗೆ ಲೋಳೆ ತಾಗಿದರೆ, ಅಷ್ಟನ್ನೂ ಚೆಲ್ಲಿ. ಮತ್ತೆ ತೊಳೆದು ಕೊಡುವುದು ಉಳಿತಾಯವಲ್ಲ, ಹಕ್ಕಿಗೆ ಭೇದಿ ತರಿಸುವ ದಾರಿ.

ಹೊಸದನ್ನು ಕೊಡುವ ಹೊತ್ತು ಬೆಳಗ್ಗೆ, ಬೆಳಕಾದ ಕೂಡಲೇ. ಇಡೀ ರಾತ್ರಿ ತಿನ್ನದ ಹಕ್ಕಿ ಆಗ ಧೈರ್ಯ ಮಾಡುತ್ತದೆ. ಕಾಳಿನ ಬಟ್ಟಲನ್ನು ಹೊರಗೆ ತೆಗೆದು, ಅಗಲವಾದ ಆಳವಿಲ್ಲದ ತಟ್ಟೆಯಲ್ಲಿ ಮೊಳಕೆ ಹರಡಿ, ಮೇಲೆ ಒಂದು ಚಿಟಿಕೆ ಒಣ ನವಣೆ ಉದುರಿಸಿ, ಯಾವಾಗಲೂ ಕೂರುವ ಕೋಲಿನ ಬಳಿ ಇಡಿ. ಕಾಳು ಹೆಕ್ಕುವ ಕೊಕ್ಕಿಗೆ ಮೊಳಕೆಯೂ ಸಿಗುತ್ತದೆ. ಒಂದು ಗಂಟೆಯ ನಂತರ ಕಾಳಿನ ಬಟ್ಟಲು ತಪ್ಪದೆ ವಾಪಸು ಇಡಬೇಕು, ಎರಡು ಗಂಟೆಯೊಳಗೆ ಮೊಳಕೆಯ ತಟ್ಟೆ ಹೊರಗೆ ಬರಬೇಕು. ತೆಂಗಿನ ಗೆರಟೆಯನ್ನು ತಟ್ಟೆಯಾಗಿ ಬಳಸುವವರಿದ್ದಾರೆ. ಬೇಸಗೆಗೆ ಸರಿ, ಮಳೆಗಾಲದಲ್ಲಿ ಅದರ ನಾರಿನ ಸಂದಿಯಲ್ಲಿ ಬೂಷ್ಟು ಅಡಗುವುದರಿಂದ ಸ್ಟೀಲ್ ತಟ್ಟೆಯೇ ವಾಸಿ.

ಮೊಳಕೆ ಖಾಲಿಯಾಗತೊಡಗಿದ ಮೇಲೆ ತೆನೆ. ಹಟ್ಟಿಯ ದನಗಳಿಗೆ ಬೆಳೆಸುವ ಗಿನಿ ಹುಲ್ಲಿನ ಹಸಿ ತೆನೆಯನ್ನು ಫಿಂಚ್‌ಗಳು ಬಹಳ ಇಷ್ಟಪಡುತ್ತವೆ. ಉಗುರಿನಿಂದ ಹಿಚುಕಿದರೆ ಹಾಲು ಬರುವಷ್ಟು ಎಳೆಯದಿರಬೇಕು. ನಾಲ್ಕೈದು ತೆನೆಗಳ ಕಟ್ಟನ್ನು ಬಟ್ಟೆ ಕ್ಲಿಪ್ಪಿನಿಂದ ಸರಳಿಗೆ ಸಿಕ್ಕಿಸಿ. ಆದರೆ ಅಡಿಕೆ ತೋಟದ ಹುಲ್ಲು ಕೂಡದು. ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು ಬುಡದ ಹುಲ್ಲಿಗೂ ಬೀಳುತ್ತದೆ. ಆ ತಾಮ್ರ ಇಷ್ಟು ಸಣ್ಣ ದೇಹಕ್ಕೆ ವಿಷ, ತೊಳೆದರೂ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ನಾಯಿ ಓಡಾಡುವ ರಸ್ತೆ ಬದಿಯ ಹುಲ್ಲೂ ಬೇಡ. ಜಾಗವಿಲ್ಲದವರು ಗೊಬ್ಬರ ಹಾಕದ ಮಣ್ಣಿನ ಟ್ರೇಯಲ್ಲಿ ನವಣೆ ಬಿತ್ತಿ, ಪೈರು ಬೆರಳುದ್ದವಾದಾಗ ಟ್ರೇಯನ್ನೇ ಒಳಗಿಡಬಹುದು.

ಎಲೆಗಳಲ್ಲಿ ನುಗ್ಗೆಗೆ ಮೊದಲ ಸ್ಥಾನ ಕೊಡುತ್ತೇನೆ. ಎ ಜೀವಸತ್ವ, ಸುಣ್ಣದಂಶ ಎರಡೂ ಅದರಲ್ಲಿವೆ, ಎಲೆ ಚಿಕ್ಕದು, ತೆನೆಯ ಹಾಗೆಯೇ ಗೊಂಚಲಾಗಿ ತೂಗುತ್ತದೆ. ಹರಿವೆ, ಬಸಳೆ, ಪಾಲಕ್ ಅಪರೂಪಕ್ಕೆ ಸಾಕು. ಅವುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣವನ್ನು ಮೈಗೆ ಹಿಡಿಯಗೊಡುವುದಿಲ್ಲ. ಮೊದಲ ದಿನಗಳಲ್ಲಿ ಹಕ್ಕಿ ಎಲೆಯ ಅಂಚು ಕಚ್ಚಿ, ಎಳೆದು, ಬಿಟ್ಟುಬಿಡುತ್ತದೆ. ಗಂಡು ಜೀಬ್ರಾ ಎಲೆಯನ್ನು ಕಚ್ಚಿಕೊಂಡು ಗೂಡಿಗೆ ಹೊತ್ತೊಯ್ದರೆ ತಿಂದಿತೆಂದು ತಿಳಿಯಬೇಡಿ; ಅದು ಗೂಡಿನ ಸಾಮಾನು. ಅಂಚು ಹರಿದು ಹರಿದು ಹೋಗಿದ್ದರೆ, ಹಿಕ್ಕೆಗೆ ತಿಳಿ ಹಸಿರು ಬಂದಿದ್ದರೆ ತಿನ್ನುತ್ತಿದೆ ಎನ್ನಬಹುದು. ಬೆಣ್ಣೆಹಣ್ಣು ಮಾತ್ರ ಒಂದು ಚೂರೂ ಕೊಡಬಾರದು, ಅದು ಹಕ್ಕಿಗಳ ಪ್ರಾಣ ತೆಗೆಯುತ್ತದೆ.

ಮೊಟ್ಟೆ ಕಡೆಯದು, ಏಕೆಂದರೆ ಅದು ಕಾಳಿಗೆ ಅತಿ ದೂರ. 15 ನಿಮಿಷ ಬೇಯಿಸಿ, ಸಿಪ್ಪೆಸಹಿತ ನುಣ್ಣಗೆ ಜಜ್ಜಿ, ಸಿಹಿ ಕಡಿಮೆಯಿರುವ ರಸ್ಕಿನ ಪುಡಿ ಎರಡು ಚಮಚ, ತುರಿದ ಕ್ಯಾರೆಟ್ ಒಂದು ಚಮಚ ಸೇರಿಸಿದರೆ ಪುಡಿಪುಡಿಯಾಗಿ ಉದುರಬೇಕು. ಮುದ್ದೆಯಾದರೆ ಕೊಕ್ಕಿಗೆ ಅಂಟುತ್ತದೆ, ಬೇಗ ಹಳಸುತ್ತದೆ. ಮೇಲೆ ನವಣೆ ಉದುರಿಸಿ ಹಕ್ಕಿಗೆ ಅರ್ಧ ಟೀ ಚಮಚದಂತೆ ಕೊಡಿ. ಮರಿ ಇಲ್ಲದಾಗ ವಾರಕ್ಕೊಮ್ಮೆ ಸಾಕು. ದಿನಾ ಕೊಟ್ಟರೆ ಹೆಣ್ಣು ಬಿಡುವಿಲ್ಲದೆ ಮೊಟ್ಟೆಯಿಟ್ಟು ಸೊರಗುತ್ತದೆ. ಸುಣ್ಣಕ್ಕೆ ಕಡಲ ದಂಡೆಯಲ್ಲಿ ಸಿಗುವ ಸಮುದ್ರನೊರೆ, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯ ಬಿಳಿ ಚಿಪ್ಪು, ಇದ್ದೇ ಇದೆ. ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಿ ಉಪ್ಪು ಬಿಡಿಸಿ, ಬಿಸಿಲಿಗೆ ಒಣಗಿಸಿ, ಮೆತ್ತನೆಯ ಬದಿ ಹಕ್ಕಿಯ ಕಡೆ ಬರುವಂತೆ ಕಟ್ಟಬೇಕು.

ಇಷ್ಟಾಗಿಯೂ ಒಪ್ಪದ ಹಳೆಯ ಹಕ್ಕಿಗೆ ತಿನ್ನುವ ಇನ್ನೊಂದು ಫಿಂಚ್ ಜೊತೆಗಿದ್ದರೆ ಅರ್ಧ ಕೆಲಸ ಸಲೀಸು. ಅದಕ್ಕೆಂದು ಗದ್ದೆಯ ರಾಟವಾಳ (ಫಿಂಚಿನಂಥ ಕಾಡುಹಕ್ಕಿ, ಮುನಿಯ) ಹಿಡಿದು ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಮನೆಯಲ್ಲೇ ಹುಟ್ಟಿದ, ಮೊಳಕೆ, ಸೊಪ್ಪು ತಿನ್ನುವ ಜೋಡಿಯ ಮರಿ ಇದಕ್ಕೆ ಸರಿಯಾದ ಜೊತೆ. ಸುಮಾರು 40 ದಿನಕ್ಕೆ ಅದು ತಾನಾಗಿ ಕಾಳು ಒಡೆದು ತಿನ್ನುತ್ತಿರುತ್ತದೆ. ಆಮೇಲೆ ಹಳೆಯ ಹಕ್ಕಿಯ ಪಂಜರಕ್ಕೆ ಬಿಟ್ಟು, ಎರಡು ತಟ್ಟೆಗಳಲ್ಲಿ ಮೊಳಕೆಯಿಡಿ. ಒಂದೇ ತಟ್ಟೆಯಿದ್ದರೆ ದೊಡ್ಡದು ಮರಿಯನ್ನು ಓಡಿಸುತ್ತದೆ, ನೋಡಿ ಕಲಿಯಲು ದೊಡ್ಡದಕ್ಕೆ ಏನೂ ಉಳಿಯುವುದಿಲ್ಲ.